ಕೈತೋಟದ ಗೋಷ್ಠಿಗೆ ಮನೆಯಿಂದ ಯಾರು ಹೋಗಬೇಕು?



ಈ ಹೊತ್ತು ಕೈತೋಟದ ವಿಷಯ ಮಾತಾಡೋಣ. ತೋಟಗಾರಿಕೆ ಇಲಾಖೆಯವರು, ಕೃಷಿ ವಿಜ್ಞಾನ ಕೇಂದ್ರದವರು ಆಗಾಗ ಮನೆಯ ಕೈತೋಟದ ಬಗ್ಗೆ ಒಂದು ದಿನದ ಗೋಷ್ಠಿ ಏರ್ಪಡಿಸುವುದುಂಟು. ಬೆಳಿಗ್ಗೆ ತಿಳಿದವರ ಉಪನ್ಯಾಸ, ಆಮೇಲೆ ತಾಕಿನಲ್ಲಿ ಪ್ರಾತ್ಯಕ್ಷಿಕೆ, ಊಟವಾದ ಮೇಲೆ ಪ್ರಶ್ನೋತ್ತರ, ಕೊನೆಗೆ ಬೀಜವೋ ಸಸಿಯೋ ಒಂದಿಷ್ಟು ಕೈಗೆ ಬರುತ್ತದೆ. ದಿನ ಒಂದೇ, ನಿಜ. ಆದರೆ ಆ ದಿನಕ್ಕೆ ಬೆಲೆ ಉಂಟು. ಬಸ್ಸಿನ ಖರ್ಚು, ಬಿಟ್ಟ ಕೂಲಿ, ಹಾಲು ಕರೆಯುವ ಹೊತ್ತಿಗೆ ಬೇರೆಯವರನ್ನು ಕೇಳಿಕೊಳ್ಳುವ ತಾಪತ್ರಯ, ಎಲ್ಲವೂ ಇದೆ. ಇಷ್ಟೆಲ್ಲಾ ಮಾಡಿ ಹೋದ ಮೇಲೆ ಮನೆಗೆ ಏನಾದರೂ ಬರಬೇಕೋ ಬೇಡವೋ?

ಎಷ್ಟೋ ಮನೆಗಳಲ್ಲಿ ಆಗುವುದು ಹೀಗೆ. ಸುದ್ದಿ ಬಂತು ಅಂದರೆ ಯಜಮಾನರು ಒಗೆದ ಪಂಚೆ ಉಟ್ಟು ಬಸ್ಸು ಹತ್ತುತ್ತಾರೆ. ಹಿತ್ತಲಿಗೆ ದಿನವೂ ಕೊಡದಲ್ಲಿ ನೀರು ಹೊತ್ತು ಹಾಕುವ ಹೆಣ್ಣುಮಗಳು ಒಲೆಯ ಮುಂದೆಯೇ ಉಳಿಯುತ್ತಾಳೆ. ಸಂಜೆ ಯಜಮಾನರು ಒಂದು ಬೀಜದ ಪೊಟ್ಟಣ, ಒಂದು ಕರಪತ್ರ ತರುತ್ತಾರೆ. "ಏನು ಹೇಳಿದ್ರು?" ಅಂತ ಕೇಳಿದರೆ, "ಎಲ್ಲಾ ಚೆನ್ನಾಗೇ ಹೇಳಿದ್ರು" ಅನ್ನುತ್ತಾರೆ. ಕರಪತ್ರ ಗೂಡಿನಲ್ಲಿ ಕೂರುತ್ತದೆ. ಅಲ್ಲಿಗೆ ಮುಗಿಯಿತು.

ಇದು ಸಣ್ಣ ನಷ್ಟವಲ್ಲ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ೧೫ರಿಂದ ೪೯ ವರ್ಷದ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇತ್ತು. ದಿನಕ್ಕೆ ಒಬ್ಬರಿಗೆ ತರಕಾರಿ ಹಣ್ಣು ಸೇರಿ ಕಡೇಪಕ್ಷ ೪೦೦ ಗ್ರಾಂ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐದು ಜನರ ಮನೆಗೆ ದಿನಕ್ಕೆ ಎರಡು ಕಿಲೋ ಆಯಿತು. ಅಷ್ಟನ್ನೂ ಸಂತೆಯಿಂದ ಕೊಂಡು ತಂದು ಉಣ್ಣುವ ಮನೆಗಳು ಎಷ್ಟಿವೆ? ಬೆಲೆ ಏರಿದ ವಾರ ಸಾರಿಗೆ ಬೇಳೆ ಮಾತ್ರ ಬೀಳುತ್ತದೆ. ಆಗ ಕೈ ಹಿಡಿಯುವುದು ಹಿತ್ತಲು. ರಕ್ತಹೀನತೆಗೆ ವೈದ್ಯರು ಕೊಟ್ಟ ಮಾತ್ರೆಯನ್ನು ಬಿಡಬಾರದು. ಸೊಪ್ಪು ಅದರ ಬದಲಿಗಲ್ಲ, ಅದರ ಜೊತೆಗೆ.

ಹಾಗಾದರೆ ಗೋಷ್ಠಿಗೆ ಹೋಗುವವರು ಯಾರು? ಹಿತ್ತಲಿನ ಕೆಲಸ ಮಾಡುವವರು ಹೋಗಬೇಕು. ಅತ್ತೆ ಮಾಡಿದರೆ ಅತ್ತೆ, ಸೊಸೆ ಮಾಡಿದರೆ ಸೊಸೆ, ಶಾಲೆ ಮುಗಿಸಿದ ಹುಡುಗ ಮಾಡಿದರೆ ಅವನೇ. "ಹೆಂಗಸರಿಗೆ ಅಲ್ಲೇನು ಕೆಲಸ?" ಅಂತ ಕೇಳುವವರು ಒಂದು ವಿಷಯ ಗಮನಿಸಿ. ದೇಶದ ಮೊದಲ ಕೃಷಿ ವಿಜ್ಞಾನ ಕೇಂದ್ರ ೧೯೭೪ರಲ್ಲಿ ಪುದುಚೇರಿಯಲ್ಲಿ ಶುರುವಾದಾಗಲೇ ಮಾಡುತ್ತಾ ಕಲಿಯಬೇಕು ಎಂಬುದು ಈ ಕೇಂದ್ರಗಳ ತತ್ವವಾಗಿತ್ತು. ಕೈಯಿಂದ ಕಲಿಯುವ ವಿದ್ಯೆಯನ್ನು ಇನ್ನೊಬ್ಬರ ಬಾಯಿಂದ ಕೇಳಿ ತರಲು ಆಗುವುದಿಲ್ಲ. ಗಂಡಸರು ಅಂದು ಒಂದು ದಿನ ಮನೆಯಲ್ಲಿದ್ದು ದನ ನೋಡಿಕೊಂಡರೆ ಅದೂ ಕೈತೋಟಕ್ಕೆ ಮಾಡಿದ ಸೇವೆಯೇ. ಇಬ್ಬರೂ ಹೋಗುವಂತಿದ್ದರೆ ಇನ್ನೂ ಒಳ್ಳೆಯದು.

ಬರಿಗೈಯಲ್ಲಿ ಹೋಗಬೇಡಿ. ಮೊದಲು ನಿಮ್ಮ ಮಣ್ಣು ಜೊತೆಗಿರಲಿ. ಹಿತ್ತಲಿನ ನಾಲ್ಕೈದು ಕಡೆ ಮೇಲಿನ ಕಸಕಡ್ಡಿ ಸರಿಸಿ, ಅರ್ಧ ಅಡಿ ಆಳಕ್ಕೆ ಗುಂಡಿ ತೋಡಿ, ಅದರ ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೂ ಒಂದೇ ದಪ್ಪಕ್ಕೆ ಕೆತ್ತಿ ಮಣ್ಣು ತೆಗೆಯಿರಿ. ತಿಪ್ಪೆಯ ಹತ್ತಿರ, ಮರದ ಬುಡದಲ್ಲಿ, ಬದುವಿನ ಮೇಲೆ ತೆಗೆಯಬಾರದು. ಎಲ್ಲವನ್ನೂ ಬೆರೆಸಿ ನೆರಳಲ್ಲಿ ಒಣಗಿಸಿ, ಅರ್ಧ ಕಿಲೋದಷ್ಟನ್ನು ಬಟ್ಟೆಯ ಚೀಲಕ್ಕೆ ಹಾಕಿ, ಹೆಸರು ಊರು ಬರೆದ ಚೀಟಿ ಇಡಿ. ಪರೀಕ್ಷೆಯ ಫಲ ಅಂದೇ ಸಿಗದಿದ್ದರೂ, ಎಲ್ಲಿಗೆ ಕೊಡಬೇಕು, ಯಾವಾಗ ಬರಬೇಕು ಎಂಬುದು ಅಲ್ಲೇ ಗೊತ್ತಾಗುತ್ತದೆ.

ಎರಡನೆಯದು, ಕಾಯಿಲೆ ಬಿದ್ದ ಗಿಡದ ಒಂದು ರೆಂಬೆ. ಒಣ ಕಾಗದದಲ್ಲಿ ಸುತ್ತಿ ಒಯ್ಯಿರಿ. "ಮೆಣಸಿನ ಗಿಡ ಮುದುರಿಕೊಂಡಿದೆ ಸ್ವಾಮಿ" ಅಂದರೆ ಸಾಲದು. ಎಲೆ ದೋಣಿಯ ಹಾಗೆ ಮೇಲಕ್ಕೆ ಮಡಿಸಿಕೊಂಡಿದ್ದರೆ ಸಾಮಾನ್ಯವಾಗಿ ಥ್ರಿಪ್ಸ್ ನುಸಿಯ ಕಾಟ. ಕೆಳಕ್ಕೆ ಕವುಚಿಕೊಂಡು ತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿಯ ಕಾಟ. ಎರಡಕ್ಕೂ ಒಂದೇ ಮದ್ದಲ್ಲ. ಎಲೆ ನೋಡಿದವರು ಸರಿಯಾದ ಮದ್ದು ಹೇಳುತ್ತಾರೆ, ನೋಡದವರು ಊಹೆ ಹೇಳುತ್ತಾರೆ.

ಕುಂಬಳ, ಸೋರೆಯ ಹೀಚು ಉದುರುವುದೂ ಹೀಗೆಯೇ. ಹೀಚಿನ ಮೇಲೆ ಚುಚ್ಚಿದ ಗುರುತಿದ್ದು ಒಳಗೆ ಹುಳವಿದ್ದರೆ ಅದು ಹಣ್ಣುನೊಣದ ಕೆಲಸ. ಅಂಥ ಕಾಯನ್ನು ಆರಿಸಿ ಆಳವಾಗಿ ಹೂಳಬೇಕು. ಗುರುತೇ ಇಲ್ಲದೆ ಹಳದಿಯಾಗಿ ಬಾಡಿ ಉದುರಿದರೆ, ಹೆಣ್ಣು ಹೂವಿಗೆ ಪರಾಗ ಮುಟ್ಟಿಲ್ಲ ಎಂದು ಅನುಮಾನಿಸಬೇಕು. ಬುಡದಲ್ಲಿ ಪುಟ್ಟ ಕಾಯಿ ಇರುವುದೇ ಹೆಣ್ಣು ಹೂ. ಗಂಡು ಹೂವನ್ನು ಕಿತ್ತು, ದಳ ತೆಗೆದು, ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಿದರೆ ಕಾಯಿ ಕಚ್ಚುತ್ತದೆ. ಕುಂಬಳದ ಹೂ ಅರಳುವುದು ನಸುಕಿನಲ್ಲಿ, ಸೋರೆಯ ಹೂ ಸಂಜೆ. ಆಯಾ ಹೊತ್ತಿಗೇ ಈ ಕೆಲಸ ಮಾಡಬೇಕು. ಒಮ್ಮೆ ಕಣ್ಣಾರೆ ಕಂಡರೆ ಮಕ್ಕಳೂ ಮಾಡಿಯಾರು.

ಇನ್ನು ಬೀಜ. ಕೊಟ್ಟರೆಂದು ಸುಮ್ಮನೆ ಸೆರಗಿಗೆ ಕಟ್ಟಿಕೊಂಡು ಬರಬೇಡಿ. "ಇದು ತಳಿಯೋ, ಹೈಬ್ರಿಡ್ಡೋ?" ಎಂದು ಕೇಳಿ. ಹೈಬ್ರಿಡ್ ಗಿಡದ ಬೀಜ ಎತ್ತಿಟ್ಟರೆ ಮುಂದಿನ ಸಲ ಅದೇ ಗುಣ ಬರುವುದಿಲ್ಲ. ಪ್ರತಿ ಸಲವೂ ಕೊಳ್ಳಬೇಕು. ತಳಿಯಾದರೆ ಟೊಮೆಟೊ, ಹುರುಳಿಕಾಯಿ, ಅವರೆ ಇವುಗಳ ಬೀಜವನ್ನು ಮನೆಯಲ್ಲೇ ಹಿಡಿಯಬಹುದು. ಕುಂಬಳ, ಹೀರೆ, ಮೆಣಸಿನಕಾಯಿ ಮಾತ್ರ ಪಕ್ಕದ ಬೇರೆ ತಳಿಯೊಂದಿಗೆ ಬೆರೆತುಹೋಗುವುದುಂಟು. ರೋಗ ತಡೆಯುವ ತಳಿ ಯಾವುದೆಂದೂ ವಿಚಾರಿಸಿ. ಬೆಂಡೆಗೆ ಬರುವ ಹಳದಿ ನಂಜು ರೋಗವನ್ನು ಬಿಳಿ ನೊಣ ಹರಡುತ್ತದೆ; ಹಿಡಿದ ಗಿಡವನ್ನು ಕಿತ್ತುಹಾಕುವುದಲ್ಲದೆ ಅದಕ್ಕೆ ಮದ್ದಿಲ್ಲ. ಈ ರೋಗವನ್ನು ತಾಳಲೆಂದೇ ಬೆಳೆಸಿದ ಅರ್ಕಾ ಅನಾಮಿಕದಂಥ ತಳಿಗಳು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದ ಬಂದಿವೆ. ೧೯೬೭ರಲ್ಲಿ ಶುರುವಾದ ಸಂಸ್ಥೆ ಅದು.

ಪ್ರಾತ್ಯಕ್ಷಿಕೆಯ ಹೊತ್ತಿಗೆ ಹಿಂದೆ ನಿಲ್ಲಬೇಡಿ. ಬೇವಿನ ಬೀಜದ ಕಷಾಯ ಮಾಡುವುದನ್ನು ತೋರಿಸಿದರೆ ನೀವೇ ಕೈ ಹಾಕಿ. ಲೀಟರು ನೀರಿಗೆ ೫೦ ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ, ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ, ಚೂರು ಸೋಪು ಕದಡಿ ಸಿಂಪಡಿಸುವುದು. ಎಲೆಯ ಅಡಿಗೂ ಬೀಳಬೇಕು, ಬಿಸಿಲಿಳಿದ ಮೇಲೆ ಹೊಡೆಯಬೇಕು. ಇವು ಕರಪತ್ರದಲ್ಲೂ ಇರಬಹುದು. ಆದರೆ ಎಷ್ಟು ನುಣ್ಣಗೆ ಕುಟ್ಟಬೇಕು, ಯಾವ ಬಣ್ಣಕ್ಕೆ ಬರಬೇಕು ಎಂಬುದನ್ನು ಕಣ್ಣೇ ಕಲಿಯಬೇಕು.

ಮನೆಗೆ ಬಂದ ಮೇಲೆ ಹತ್ತು ಕೆಲಸ ಒಟ್ಟಿಗೆ ಹಿಡಿಯಬೇಡಿ. ಒಂದೇ ಒಂದನ್ನು ಆ ವಾರವೇ ಮಾಡಿ. ಯಾವುದೆಂದು ತೋಚದಿದ್ದರೆ ಸೊಪ್ಪಿನ ಮಡಿಯಿಂದ ಶುರುಮಾಡಿ. ಮೂರಡಿ ಅಗಲ ಸಾಕು. ಎರಡೂ ಕಡೆಯಿಂದ ಕೈ ಎಟುಕುತ್ತದೆ, ಮಡಿ ತುಳಿಯಬೇಕಾಗಿಲ್ಲ. ಹತ್ತು ಹನ್ನೆರಡು ಅಡಿ ಉದ್ದ ಇಟ್ಟು ನಾಲ್ಕು ಭಾಗ ಮಾಡಿ. ಈ ವಾರ ಒಂದು ಭಾಗಕ್ಕೆ ಕೀರೆ ಅಥವಾ ದಂಟಿನ ಬೀಜವನ್ನು ಮರಳಿನೊಂದಿಗೆ ಬೆರೆಸಿ ಚೆಲ್ಲಿ, ಮುಂದಿನ ವಾರ ಎರಡನೆಯದಕ್ಕೆ, ಹೀಗೆ. ಸೊಪ್ಪು ೨೫–೩೦ ದಿನಕ್ಕೆ ಕೀಳಲು ಬರುತ್ತದೆ. ನಾಲ್ಕನೆಯ ಭಾಗಕ್ಕೆ ಬಿತ್ತಿ ಒಂದು ವಾರ ಕಳೆಯುವಷ್ಟರಲ್ಲಿ ಮೊದಲನೆಯದು ಕೈಗೆ ಬಂದಿರುತ್ತದೆ. ಕಿತ್ತ ಜಾಗಕ್ಕೆ ಗೊಬ್ಬರ ಕೊಟ್ಟು ಮತ್ತೆ ಬಿತ್ತಿ. ವಾರ ವಾರವೂ ಸೊಪ್ಪು. ನುಗ್ಗೆ, ಕರಿಬೇವು, ಪಪ್ಪಾಯಿ ಇವನ್ನು ಹಿತ್ತಲಿನ ಉತ್ತರದ ಅಂಚಿಗೆ ಹಾಕಿದರೆ ಮಡಿಗೆ ಬಿಸಿಲು ತಪ್ಪುವುದಿಲ್ಲ. ಉಣ್ಣುವಾಗ ಸೊಪ್ಪಿಗೆ ನಿಂಬೆಹಣ್ಣು ಹಿಂಡಿಕೊಂಡರೆ ಅದರ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಬೆನ್ನಿಗೇ ಕಾಫಿ ಟೀ ಕುಡಿದರೆ ಕಡಿಮೆಯಾಗುತ್ತದೆ.

ಗೋಷ್ಠಿ ಯಾವಾಗ, ಎಲ್ಲಿ ಎಂಬುದನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ, ತಾಲ್ಲೂಕಿನ ತೋಟಗಾರಿಕೆ ಕಚೇರಿಯಲ್ಲಿ ವಿಚಾರಿಸಿ. ಊರಿನ ಸ್ತ್ರೀಶಕ್ತಿ ಸಂಘದವರು ಕೂಡಿಕೊಂಡರೆ ಹತ್ತು ಜನ ಜೊತೆಯಾಗಿ ಹೋಗಿ ಬರಬಹುದು. ಒಬ್ಬರು ಮರೆತದ್ದು ಇನ್ನೊಬ್ಬರಿಗೆ ನೆನಪಿರುತ್ತದೆ. ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ ಇದೆ. ಗಿಡ ಮದ್ದಾಗಬೇಕಾದರೆ ಅದನ್ನು ಸಾಕುವ ಕೈಗೆ ವಿದ್ಯೆ ಸಿಕ್ಕಬೇಕು. ಮುಂದಿನ ಸಲ ಸುದ್ದಿ ಬಂದಾಗ, ಯಜಮಾನರೆ, ಚೀಲದಲ್ಲಿ ಮಣ್ಣು ತುಂಬಿಕೊಟ್ಟು ಮನೆಯಾಕೆಯನ್ನು ಬಸ್ಸು ಹತ್ತಿಸಿ.