ಜ್ವರ ಬರುವುದಕ್ಕೆ ಮುಂಚೆ

ಆರೋಗ್ಯವೆಂದರೆ ರೋಗ ಬಂದಾಗ ವೈದ್ಯರಿಂದ ಕೊಂಡು ತರುವ ವಸ್ತುವೆಂದು ನಮ್ಮಲ್ಲಿ ಅನೇಕರು ತಿಳಿದಂತಿದೆ. ಮೈ ಸುಡತೊಡಗಿದ ಮೇಲೆ ನಾವು ದವಾಖಾನೆಯ ದಾರಿ ಹಿಡಿಯುತ್ತೇವೆ. ಗುಳಿಗೆ, ಸೂಜಿಮದ್ದುಗಳಿಂದ ಜ್ವರ ಇಳಿದರೆ ಸಮಾಧಾನಪಡುತ್ತೇವೆ. ಅಷ್ಟರಲ್ಲಿ ಎಂಟು ಹತ್ತು ದಿನಗಳ ಪಾಠ ತಪ್ಪಿರುತ್ತದೆ. ದಿನಗೂಲಿಯ ಮನೆಯಾದರೆ, ಹಾಸಿಗೆಯ ಬಳಿ ಕುಳಿತ ತಾಯಿಯದೋ ತಂದೆಯದೋ ಸಂಪಾದನೆಯೂ ತಪ್ಪಿರುತ್ತದೆ. ನಮ್ಮ ಆಯುರ್ವೇದವಾದರೋ ವೈದ್ಯಶಾಸ್ತ್ರದ ಪ್ರಯೋಜನವನ್ನು ಹೇಳುವಾಗ, ಆರೋಗ್ಯವಂತನ ಆರೋಗ್ಯವನ್ನು ಕಾಪಾಡುವುದನ್ನು ಮೊದಲು ಹೇಳಿ, ರೋಗಿಯ ರೋಗವನ್ನು ಕಳೆಯುವುದನ್ನು ಆಮೇಲೆ ಹೇಳುತ್ತದೆ. ಈ ಕ್ರಮ ಅರ್ಥವುಳ್ಳದ್ದು. ಹಿತಮಿತವಾದ ಆಹಾರ, ವ್ಯಾಯಾಮ, ನಿದ್ರೆ ಇವುಗಳ ವಿಷಯವನ್ನು ವಿದ್ಯಾರ್ಥಿಗಳು ತರಗತಿಯಲ್ಲಿ ಬೇಕಾದಷ್ಟು ಕೇಳಿದ್ದಾರೆ. ಕೇಳಿ ಕೇಳಿ ಬೇಸತ್ತಿರಲೂಬಹುದು. ಆದುದರಿಂದ ಇಲ್ಲಿ ಒಂದೇ ಒಂದು ರೋಗವನ್ನು ತೆಗೆದುಕೊಂಡು, ಅದು ಬರುವ ಮೊದಲೇ ತಡೆಯುವುದೆಂದರೇನು ಎಂಬುದನ್ನು ವಿಚಾರಿಸೋಣ. ಆ ರೋಗವೇ ಮಲೇರಿಯಾ. ನಮ್ಮ ಹಿರಿಯರು ಚಳಿಜ್ವರವೆಂದು ಕರೆಯುತ್ತಿದ್ದುದು. ಮುಂಬಯಿಯಲ್ಲಿ ವಾಸಿಸುವ ನಮಗೆ ಮಳೆಗಾಲ ಬಂತೆಂದರೆ ಅದರ ಹೆಸರು ಕಿವಿಗೆ ಬೀಳದೆ ಇರುವುದಿಲ್ಲ.

ಮಲೇರಿಯಾ ಎಂಬ ಪದಕ್ಕೆ ಇಟಲಿಯ ಭಾಷೆಯಲ್ಲಿ ಕೆಟ್ಟ ಗಾಳಿ ಎಂದು ಅರ್ಥ. ಜೌಗು ನೆಲದಿಂದೇಳುವ ದುರ್ಗಂಧವೇ ಈ ಜ್ವರಕ್ಕೆ ಕಾರಣವೆಂದು ಶತಮಾನಗಳ ಕಾಲ ಜನರು ನಂಬಿದ್ದರು. ೧೮೮೦ರಲ್ಲಿ ಲಾವೆರಾನ್ ಎಂಬ ಫ್ರೆಂಚ್ ಸೇನಾವೈದ್ಯನು ಆಲ್ಜೀರಿಯದಲ್ಲಿ ರೋಗಿಯ ರಕ್ತದೊಳಗೆ ಮಲೇರಿಯಾದ ಜೀವಾಣುವನ್ನು ಕಂಡನು. ಆದರೆ ಅದು ಒಬ್ಬರ ರಕ್ತದಿಂದ ಇನ್ನೊಬ್ಬರ ರಕ್ತಕ್ಕೆ ಹೋಗುವುದು ಹೇಗೆ? ಅದು ತಿಳಿಯಲಿಲ್ಲ. ಈ ಪ್ರಶ್ನೆಯನ್ನು ಬಿಡಿಸಿದ ರೊನಾಲ್ಡ್ ರಾಸ್ ನಮ್ಮ ದೇಶದ ಆಲ್ಮೋರದಲ್ಲಿಯೇ ಹುಟ್ಟಿದವನು. ಅವನ ಕಥೆಗೆ ನಮ್ಮ ಬೆಂಗಳೂರಿನ ಸಂಬಂಧವೂ ಉಂಟು.

೧೮೮೩ರಲ್ಲಿ ರಾಸ್ ಬೆಂಗಳೂರಿನ ದಂಡಿನ ವೈದ್ಯನಾಗಿದ್ದನು. ಅವನ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ಹೇಳತೀರದು. ನೋಡಿದರೆ ಕಿಟಕಿಯ ಹೊರಗಿದ್ದ ಒಂದು ಪೀಪಾಯಿಯ ನೀರಿನಲ್ಲಿ ಅವು ಮರಿಯಾಗುತ್ತಿದ್ದವು. ಪೀಪಾಯಿಯನ್ನು ಬೋರಲು ಹಾಕಿಸಿದನು. ಕಾಟ ಬಹುಮಟ್ಟಿಗೆ ನಿಂತಿತು. ಸೇನಾಧಿಕಾರಿಗಳ ಭೋಜನಶಾಲೆಯಲ್ಲಿಯೂ ಹೂದೋಟದ ತೊಟ್ಟಿ, ಮೇಜಿನ ಕಾಲಿನ ಕೆಳಗಿನ ಡಬ್ಬಿ, ಹೂದಾನಿ ಇವುಗಳ ನೀರನ್ನು ಚೆಲ್ಲಿಸಬಹುದೆಂದು ಅವನು ಅಲ್ಲಿಯ ಅಧಿಕಾರಿಗೆ ಸೂಚಿಸಿದಾಗ, ಆ ಮಹಾಶಯನು ಒಪ್ಪಲಿಲ್ಲ. ಸೊಳ್ಳೆಯನ್ನು ದೇವರು ಯಾವುದೋ ಉದ್ದೇಶದಿಂದ ಸೃಷ್ಟಿಸಿರಬೇಕು, ಪ್ರಕೃತಿಯ ನಿಯಮವನ್ನು ಕೆಡಿಸಬಾರದು, ಸಹಿಸಿಕೊಳ್ಳುವುದೇ ನಮ್ಮ ಧರ್ಮ ಎಂಬುದು ಅವನ ವಾದವಾಗಿತ್ತಂತೆ! ನಗು ಬರುತ್ತದೆ. ಆದರೆ ನಮ್ಮ ಚಾಳುಗಳಲ್ಲಿಯೂ, ಎತ್ತರದ ಕಟ್ಟಡಗಳಲ್ಲಿಯೂ ಈ ಅಧಿಕಾರಿಯ ಸಂತತಿ ಇನ್ನೂ ಅಳಿದಿಲ್ಲವೆಂಬುದನ್ನು ನೆನೆದರೆ ಆ ನಗು ನಿಲ್ಲುತ್ತದೆ.

ಅಂದು ಸೊಳ್ಳೆಗೂ ಜ್ವರಕ್ಕೂ ಸಂಬಂಧವಿದೆಯೆಂದು ರಾಸ್‌ಗೆ ತಿಳಿದಿರಲಿಲ್ಲ. ಆ ಊಹೆಯನ್ನು ಅವನಿಗೆ ಕೊಟ್ಟವನು ಲಂಡನ್ನಿನ ಡಾ. ಮ್ಯಾನ್ಸನ್. ಬಳಿಕ ಸಿಕಂದರಾಬಾದಿನಲ್ಲಿ ರಾಸ್ ಸೊಳ್ಳೆಗಳನ್ನು ಒಂದೊಂದಾಗಿ ಸೀಳಿ ಸೂಕ್ಷ್ಮದರ್ಶಕದ ಕೆಳಗೆ ನೋಡುತ್ತ ಕುಳಿತನು. ಪಂಕಾ ಎಳೆಸಿದರೆ ಗಾಳಿಗೆ ಸೊಳ್ಳೆಯ ಚೂರುಗಳು ಹಾರಿಹೋಗುತ್ತವೆಂದು ಆ ಸೆಕೆಯಲ್ಲಿಯೂ ಪಂಕಾ ಇಲ್ಲ. ಹಣೆಯ ಬೆವರಿನಿಂದ ಯಂತ್ರದ ತಿರುಪುಗಳು ತುಕ್ಕು ಹಿಡಿದವು. ಹುಸೇನ್ ಖಾನ್ ಎಂಬ ರೋಗಿಯು ಕಚ್ಚಿದ ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಪಡೆದು, ತನ್ನ ಮೈಯನ್ನು ಸೊಳ್ಳೆಗಳಿಗೆ ಒಡ್ಡಿದನು. ೧೮೯೭ನೆಯ ಆಗಸ್ಟ್ ೨೦ರಂದು ಅಂತಹ ಒಂದು ಸೊಳ್ಳೆಯ ಜಠರದ ಗೋಡೆಯಲ್ಲಿ ರಾಸ್ ತಾನು ಹುಡುಕುತ್ತಿದ್ದ ಜೀವಾಣುವನ್ನು ಕಂಡನು. ಮರುವರ್ಷ ಕಲಕತ್ತೆಯಲ್ಲಿ, ಹಕ್ಕಿಗಳ ಮಲೇರಿಯಾವನ್ನು ಪರೀಕ್ಷಿಸಿ, ಜೀವಾಣುಗಳು ಸೊಳ್ಳೆಯ ಜೊಲ್ಲಿನ ಗ್ರಂಥಿಯನ್ನು ಸೇರಿ ಕಡಿತದ ಮೂಲಕ ಹರಡುವುದನ್ನು ತೋರಿಸಿದನು. ೧೯೦೨ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಚರಿತ್ರೆಯ ಪುಸ್ತಕಗಳು ಹುಸೇನ್ ಖಾನನನ್ನು ಇನ್ನೂ ಸ್ವಲ್ಪ ಹೆಚ್ಚು ನೆನೆಯಬಹುದಾಗಿತ್ತೆಂದು ನಮಗೆ ತೋರುತ್ತದೆ.

ಈಗ ಸೊಳ್ಳೆಯ ಜೀವನಕ್ರಮವನ್ನು ನೋಡೋಣ. ತಡೆಯುವ ಉಪಾಯವೆಲ್ಲ ಅದರಲ್ಲಿಯೇ ಅಡಗಿದೆ. ಕಚ್ಚುವುದು ಹೆಣ್ಣು ಸೊಳ್ಳೆ ಮಾತ್ರ. ಮೊಟ್ಟೆ ಬಲಿಯಲು ಅದಕ್ಕೆ ರಕ್ತ ಬೇಕು. ಮೊಟ್ಟೆಯೊಡೆದು ಬಂದ ಮರಿಹುಳು ನೀರಿನಲ್ಲಿ ಬೆಳೆದು, ಕೋಶಾವಸ್ಥೆಯನ್ನು ದಾಟಿ, ರೆಕ್ಕೆ ಬಂದ ಮೇಲೆ ಹಾರಿಹೋಗುತ್ತದೆ. ಬೆಚ್ಚನೆಯ ಹವೆಯಲ್ಲಿ ಇದಕ್ಕೆಲ್ಲ ಸುಮಾರು ಏಳರಿಂದ ಹತ್ತು ದಿನಗಳು ಬೇಕು. ರೆಕ್ಕೆ ಬರುವ ತನಕ ಅದು ಆ ನೀರನ್ನು ಬಿಟ್ಟು ಹೋಗಲಾರದು. ಹಾರುವ ಸೊಳ್ಳೆಯನ್ನು ಹಿಡಿಯುವುದು ಕಷ್ಟ, ನೀರಿನಲ್ಲಿರುವ ಮರಿಹುಳುವನ್ನು ಚೆಲ್ಲುವುದಕ್ಕೆ ಒಂದು ನಿಮಿಷ ಸಾಕು. ವಾರಕ್ಕೊಮ್ಮೆ ಪಾತ್ರೆಗಳನ್ನು ಬರಿದು ಮಾಡಿ ಒಣಗಿಸಬೇಕೆಂದು ಹೇಳುವುದು ಈ ಲೆಕ್ಕದಿಂದಲೇ ಹೊರತು, ವಾರವೆಂಬುದಕ್ಕೆ ಬೇರೆ ಮಹತ್ವವೇನೂ ಇಲ್ಲ. ಹದಿನೈದು ದಿನಕ್ಕೊಮ್ಮೆ ಬಹಳ ಶ್ರದ್ಧೆಯಿಂದ ತೊಳೆದರೂ ಅಷ್ಟರಲ್ಲಿ ಒಂದು ಪೀಳಿಗೆ ಹಾರಿಹೋಗಿರುತ್ತದೆ.

ನಮ್ಮ ಮುಂಬಯಿ ಈ ಪಾಠವನ್ನು ನೂರು ವರ್ಷಗಳಿಗೂ ಹಿಂದೆ ಕಲಿಯಬೇಕಾಯಿತು. ನಗರದ ಮಲೇರಿಯಾದ ಮೇಲೆ ಡಾ. ಬೆಂಟ್ಲಿಯವರು ೧೯೧೧ರಲ್ಲಿ ವರದಿಯನ್ನು ಒಪ್ಪಿಸಿದರು. ಇಲ್ಲಿಯ ಮಲೇರಿಯಾ ಸೊಳ್ಳೆಯು ಕೊಳಚೆಯಲ್ಲಿ ಅಲ್ಲ, ಮನೆಗಳ ಬಾವಿ ಮತ್ತು ತೊಟ್ಟಿಗಳ ತಿಳಿನೀರಿನಲ್ಲಿ ಬೆಳೆಯುತ್ತದೆಂದು ಅದರಿಂದ ಸ್ಪಷ್ಟವಾಯಿತು. ಗಟಾರವನ್ನು ನೋಡಿ ಮೂಗು ಮುಚ್ಚಿಕೊಳ್ಳುವ ನಾವು, ತಲೆಯ ಮೇಲಿನ ಟಾಕಿಯ ಶುಭ್ರ ನೀರನ್ನು ಸಂಶಯಿಸುವುದಿಲ್ಲವಷ್ಟೆ! ಬಾವಿಗಳನ್ನು ಮುಚ್ಚಬೇಕೆಂದಾಗ ಧರ್ಮಕಾರ್ಯಗಳಿಗೆ ಬಾವಿಯ ನೀರೇ ಬೇಕೆಂದು ಹಲವರು ವಿರೋಧಿಸಿದರು. ಆದರೂ ಕ್ರಮೇಣ ಅನೇಕ ಬಾವಿಗಳು ಮುಚ್ಚಿದವು, ಟಾಕಿಗಳಿಗೆ ಬಿಗಿಯಾದ ಮುಚ್ಚಳ ಬೇಕೆಂಬ ಕಟ್ಟಳೆ ಬಂದಿತು. ಮಹಾನಗರಪಾಲಿಕೆಯ ನೌಕರರು ಇಂದಿಗೂ ಮಾಳಿಗೆಗಳನ್ನು ಹತ್ತಿ ಟಾಕಿಗಳನ್ನು ಇಣುಕಿ ನೋಡುವುದು ಆ ಕಾಲದಿಂದ ಬಂದ ಪದ್ಧತಿ.

ನಮ್ಮಲ್ಲಿ ಅನೇಕರ ಹಿರಿಯರ ಊರುಗಳಾದ ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಮಲೆನಾಡಿನ ಅಂಚಿನಲ್ಲಿ ಚಳಿಜ್ವರ ಬಾರದ ಮನೆಯಿರಲಿಲ್ಲ. ಜ್ವರಗಡ್ಡೆಯಿಂದ ಹೊಟ್ಟೆಯುಬ್ಬಿದ ಮಕ್ಕಳು ಸಾಮಾನ್ಯ ದೃಶ್ಯವಾಗಿದ್ದರು. ೧೯೪೬ರ ಸುಮಾರಿಗೆ ಡಾ. ಡಿ. ಕೆ. ವಿಶ್ವನಾಥನ್ ಅವರು ಈ ಎರಡು ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಗಳ ಒಳಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸುವ ಪ್ರಯೋಗವನ್ನು ನಡೆಸಿದರು. ರಕ್ತ ಕುಡಿದ ಸೊಳ್ಳೆ ಭಾರದಿಂದ ಗೋಡೆಯ ಮೇಲೆ ಕುಳಿತು ವಿಶ್ರಮಿಸುತ್ತದೆ. ಅಲ್ಲಿಯೇ ಅದಕ್ಕೆ ವಿಷ ತಗಲುತ್ತದೆ. ಜ್ವರ ಬೇಗನೆ ಇಳಿಮುಖವಾಯಿತು. ಇಂತಹ ಅನುಭವಗಳ ಬಲದ ಮೇಲೆ ೧೯೫೩ರಲ್ಲಿ ದೇಶಾದ್ಯಂತ ಮಲೇರಿಯಾ ನಿಯಂತ್ರಣದ ಕಾರ್ಯ ಆರಂಭವಾಯಿತು.

ಫಲವನ್ನು ಅಂಕಿಗಳೇ ಹೇಳುತ್ತವೆ. ಸ್ವಾತಂತ್ರ್ಯದ ಕಾಲಕ್ಕೆ ವರ್ಷಕ್ಕೆ ಸುಮಾರು ೭|| ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು, ಸುಮಾರು ೮ ಲಕ್ಷ ಜನ ಸಾಯುತ್ತಿದ್ದರು. ೧೯೬೧ರಲ್ಲಿ ರೋಗಿಗಳ ಸಂಖ್ಯೆ ಸುಮಾರು ೫೦ ಸಾವಿರಕ್ಕೆ ಇಳಿಯಿತು. ಶತ್ರು ಸತ್ತನೆಂದು ಎಲ್ಲರೂ ಭಾವಿಸಿದರು. ಕೆಲಸದ ಬಿಗಿ ಸಡಿಲಿತು, ಸೊಳ್ಳೆಗಳೂ ಡಿ.ಡಿ.ಟಿ.ಯನ್ನು ತಡೆದುಕೊಳ್ಳುವುದನ್ನು ಕಲಿತವು. ೧೯೭೬ರಲ್ಲಿ ರೋಗಿಗಳು ಮತ್ತೆ ೬೪ ಲಕ್ಷ! ರೋಗವನ್ನು ತಡೆಯುವ ಕೆಲಸಕ್ಕೆ ಇದೊಂದು ದೌರ್ಭಾಗ್ಯವಿದೆ. ಅದು ಸಫಲವಾದಾಗ ಕಣ್ಣಿಗೆ ಏನೂ ಕಾಣುವುದಿಲ್ಲ. ಗುಣಪಡಿಸಿದ ವೈದ್ಯರಿಗೆ ಕೈಮುಗಿಯುತ್ತೇವೆ. ಬಾರದೆ ಹೋದ ಜ್ವರಕ್ಕಾಗಿ ಯಾರಿಗೆ ಕೈಮುಗಿಯಬೇಕು? ಆದುದರಿಂದಲೇ ಅದನ್ನು ಅನಾವಶ್ಯಕವೆಂದು ಕೈಬಿಡುವುದು ಸುಲಭ.

ಇನ್ನು ನಮ್ಮ ಮನೆಗಳ ಮಾತು. ನಳದಲ್ಲಿ ನೀರು ಕೆಲವು ಗಂಟೆ ಮಾತ್ರ ಬರುವ ಊರಿನಲ್ಲಿ ಹಂಡೆ, ಬಾನಿ, ಡ್ರಮ್ಮುಗಳಲ್ಲಿ ತುಂಬಿಡದೆ ಗತಿಯಿಲ್ಲ. ತುಂಬಿಡುವುದು ತಪ್ಪಲ್ಲ, ತೆರೆದಿಡುವುದು ತಪ್ಪು. ಇವಲ್ಲದೆ ಹೂಕುಂಡದ ಕೆಳಗಿನ ತಟ್ಟೆ, ಮನಿಪ್ಲಾಂಟಿನ ಬಾಟಲಿ, ಫ್ರಿಜ್ಜಿನ ಹಿಂಬದಿಯ ನೀರಿನ ತಟ್ಟೆ, ಮಾಳಿಗೆಯ ಮೇಲೆಸೆದ ಟಯರು, ಮಳೆಗೆ ಹೊದಿಸಿದ ತಾಡಪತ್ರಿಯ ಗುಳಿ, ಒಡೆದ ತೆಂಗಿನ ಚಿಪ್ಪು, ಇವು ಡೆಂಗ್ಯೂ ಜ್ವರವನ್ನು ಹರಡುವ ಇನ್ನೊಂದು ಜಾತಿಯ ಸೊಳ್ಳೆಗೆ ತೊಟ್ಟಿಲುಗಳು. ಕಾಲಿನ ಮೇಲೆ ಬಿಳಿ ಪಟ್ಟೆಗಳುಳ್ಳ ಈ ಸೊಳ್ಳೆ ಹಗಲಲ್ಲಿಯೇ ಕಚ್ಚುತ್ತದೆ. ಅಂದರೆ ಶಾಲೆಯ ವೇಳೆಯಲ್ಲಿ. ಅದರ ಮೊಟ್ಟೆ ಪಾತ್ರೆಯ ಒಳಮೈಗೆ ಅಂಟಿಕೊಂಡು, ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕಿರುತ್ತದೆ. ಆದುದರಿಂದ ನೀರು ಚೆಲ್ಲಿದರಷ್ಟೇ ಸಾಲದು, ಒಳಬದಿಯನ್ನು ನಾರಿನಿಂದ ಉಜ್ಜಿ ತೊಳೆಯತಕ್ಕದ್ದು.

ಜಾತಿಯನ್ನು ಗುರುತಿಸುವುದು ವಿದ್ಯಾರ್ಥಿಗಳಿಗೆ ಒಳ್ಳೆಯ ವಿನೋದ. ಬಿಳಿಯ ಬಟ್ಟಲಿನಲ್ಲಿ ಸ್ವಲ್ಪ ನೀರು ತೆಗೆದು ನೋಡಿರಿ. ಮರಿಹುಳು ನೀರಿನ ಮೇಲ್ಮೈಗೆ ಸಮನಾಗಿ ಮಲಗಿದ್ದರೆ ಅದು ಮಲೇರಿಯಾ ಹರಡುವ ಅನಾಫಿಲಿಸ್. ತಲೆಕೆಳಗಾಗಿ ಜೋತಾಡುತ್ತಿದ್ದರೆ ಬೇರೆಯದು. ನೋಡಿದ ನೀರನ್ನು ಒಣನೆಲದ ಮೇಲೆ ಚೆಲ್ಲುವುದನ್ನು ಮರೆಯಬಾರದು. ಮಾಳಿಗೆಯ ಟಾಕಿಯನ್ನು ನೋಡಬೇಕಾದರೆ ಹಿರಿಯರೊಡನೆ ಹೋಗಬೇಕೇ ಹೊರತು ಹುಡುಗರೇ ಹತ್ತತಕ್ಕದ್ದಲ್ಲ. ಮತ್ತು, ನಮ್ಮ ಖೋಲಿಯೊಂದನ್ನೇ ಚೊಕ್ಕಟವಾಗಿಟ್ಟರೆ ಸಾಲದು. ದಕ್ಷಿಣ ಕನ್ನಡದವರು ನುಸಿ ಎನ್ನುವ ಈ ಪ್ರಾಣಿ ನೆರೆಮನೆಯ ಡ್ರಮ್ಮಿನಿಂದ ಹೊರಟು ನಮ್ಮ ಮನೆಗೆ ಬರಲು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ರವಿವಾರ ಬೆಳಿಗ್ಗೆ ಒಂದು ಮಾಳಿಗೆಯ ಮಕ್ಕಳೆಲ್ಲ ಸೇರಿ ಮನೆಮನೆಗೆ ಹೋಗಿ ವಿನಯದಿಂದ ಕೇಳಿದರೆ, ದೊಡ್ಡವರ ನೋಟೀಸಿಗೆ ಬಗ್ಗದವರೂ ಮುಚ್ಚಳ ಹುಡುಕುತ್ತಾರೆ.

ಇಷ್ಟಾದರೂ ಜ್ವರ ಬರಬಹುದು. ಹಾಗೆ ಬಂದಾಗ ಎರಡು ದಿನ ನೋಡೋಣವೆನ್ನದೆ ರಕ್ತ ಪರೀಕ್ಷೆ ಮಾಡಿಸಬೇಕು. ಮಲೇರಿಯಾದ ಒಂದು ಬಗೆಯ ಜೀವಾಣು ಯಕೃತ್ತಿನಲ್ಲಿ ಅಡಗಿದ್ದು ತಿಂಗಳುಗಳ ಮೇಲೆ ಮತ್ತೆ ತಲೆಯೆತ್ತುತ್ತದೆ. ಜ್ವರ ಬಿಟ್ಟ ಮೇಲೂ ವೈದ್ಯರು ಹದಿನಾಲ್ಕು ದಿನ ಗುಳಿಗೆ ನುಂಗಿಸುವುದು ಅದಕ್ಕಾಗಿಯೇ. ಸೊಳ್ಳೆಪರದೆಯನ್ನು ನಾವು ಸಾಮಾನ್ಯವಾಗಿ ಆರೋಗ್ಯವಂತರ ರಕ್ಷಣೆಗೆಂದು ತಿಳಿಯುತ್ತೇವೆ. ಮನೆಯಲ್ಲಿ ಒಂದೇ ಪರದೆಯಿದ್ದು ಒಬ್ಬರಿಗೆ ಮಲೇರಿಯಾ ಬಂದಿದ್ದರೆ, ಅದನ್ನು ರೋಗಿಯ ಹಾಸಿಗೆಗೇ ಕಟ್ಟಿರಿ. ಅವರನ್ನು ಕಚ್ಚದ ಸೊಳ್ಳೆ ಉಳಿದವರಿಗೆ ಆ ಜ್ವರವನ್ನು ತಂದು ಕೊಡಲಾರದು.