ಕಬ್ಬು ನಮ್ಮದು, ಮಾರುವ ಹಕ್ಕು ಯಾರದು?

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ 'ಮುಕ್ತ ಮಾರುಕಟ್ಟೆ' ಎಂದ ಕೂಡಲೇ ಮಾತು ಬಿರುಸಾಗುತ್ತದೆ. ಅದು ಕಂಪನಿಗಳ ಹುನ್ನಾರ, ರೈತನನ್ನು ಬೀದಿಗೆ ತರುವ ವಿಚಾರ ಎಂಬ ನಂಬಿಕೆ ಇಲ್ಲಿ ಆಳವಾಗಿ ಬೇರೂರಿದೆ. ಆದರೆ ಆ ಮಾತಿನ ಹಿಂದಿರುವ ಲಿಬರ್ಟೇರಿಯನ್ ಚಿಂತನೆ ಹೇಳುವುದು ಇಷ್ಟು: ತನ್ನ ದುಡಿಮೆ, ಬೆಳೆ, ಬದುಕಿನ ಬಗ್ಗೆ ತೀರ್ಮಾನಿಸುವ ಹಕ್ಕು ಮೊದಲು ಆಯಾ ವ್ಯಕ್ತಿಯದು. ಆತ ಇನ್ನೊಬ್ಬರಿಗೆ ಮೋಸವನ್ನೋ ಬಲವಂತವನ್ನೋ ಮಾಡದ ತನಕ ಸರ್ಕಾರ ನಡುವೆ ಬರಬಾರದು. ಈ ಮಾತನ್ನು ಕಬ್ಬಿನ ಲೆಕ್ಕದಲ್ಲೇ ಇಟ್ಟು ನೋಡಿದರೆ ಹಲವು ನಂಬಿಕೆಗಳು ನಿಲ್ಲುವುದಿಲ್ಲ.

ತಪ್ಪು ಕಲ್ಪನೆ 1: ಇದು ಹೊರದೇಶದ ಸರಕು, ನಮ್ಮ ರೈತರಿಗೆ ಸಂಬಂಧವಿಲ್ಲ.

ಸತ್ಯ: 1959ರ ಜನವರಿಯಲ್ಲಿ ಕಾಂಗ್ರೆಸ್ಸಿನ ನಾಗಪುರ ಅಧಿವೇಶನ ಸಹಕಾರಿ ಜಂಟಿ ಬೇಸಾಯದ ನಿರ್ಣಯ ಮಾಡಿತು. ರೈತನ ಜಮೀನು ರೈತನ ಕೈಯಲ್ಲೇ ಇರಬೇಕೆಂದು ಅದನ್ನು ವಿರೋಧಿಸಿ ರಾಜಾಜಿ ಅದೇ ವರ್ಷ ಸ್ವತಂತ್ರ ಪಕ್ಷ ಕಟ್ಟಿದರು. ಅವರು ಹುಟ್ಟಿದ್ದು ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ, ಓದಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. 'ಪರ್ಮಿಟ್-ಲೈಸೆನ್ಸ್ ರಾಜ್' ಎಂಬ ಮಾತನ್ನು ಬಳಕೆಗೆ ತಂದವರೂ ಅವರೇ. 1967ರ ಚುನಾವಣೆಯಲ್ಲಿ ಅವರ ಪಕ್ಷ ಲೋಕಸಭೆಯ 44 ಸ್ಥಾನ ಗೆದ್ದಿತು. ಮಹಾರಾಷ್ಟ್ರದಲ್ಲಿ ಶೇತ್ಕರಿ ಸಂಘಟನೆ ಕಟ್ಟಿದ ಶರದ್ ಜೋಶಿ ಈ ವಿಚಾರವನ್ನು ಈರುಳ್ಳಿ, ಹತ್ತಿ, ಕಬ್ಬು ಬೆಳೆಗಾರರ ನಡುವೆಯೇ ಬೆಳೆಸಿದರು. ನಮ್ಮ ರೈತ ಸಂಘದ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರು ಮುಕ್ತ ವ್ಯಾಪಾರದ ವಿಷಯದಲ್ಲಿ ಜೋಶಿಯವರ ದಾರಿ ಒಪ್ಪಲಿಲ್ಲ. ಆದರೆ ಅದು ಇಬ್ಬರು ರೈತ ನಾಯಕರ ನಡುವಿನ ವಾದ. ಅದರಲ್ಲಿ ಒಂದು ಪಕ್ಷವನ್ನು 'ಹೊರಗಿನದು' ಎಂದು ತಳ್ಳಿಹಾಕುವುದು ನ್ಯಾಯವಲ್ಲ.

ತಪ್ಪು ಕಲ್ಪನೆ 2: ಕಟ್ಟುಪಾಡು ಸಡಿಲಿಸಿದರೆ ಲಾಭ ಕಾರ್ಖಾನೆಗಳಿಗೆ, ನಷ್ಟ ರೈತರಿಗೆ.

ಸತ್ಯ: ಈಗಿರುವ ಕಟ್ಟುಪಾಡು ಯಾರನ್ನು ಕಾಯುತ್ತಿದೆ ಎಂಬುದನ್ನು ನೋಡಿ. 1966ರ ಕಬ್ಬು (ನಿಯಂತ್ರಣ) ಆದೇಶದ ಪ್ರಕಾರ ಒಂದೊಂದು ಕಾರ್ಖಾನೆಗೆ ಇಂತಿಷ್ಟು ಪ್ರದೇಶ ಎಂದು ಮೀಸಲಿಡಲು ಸರ್ಕಾರಕ್ಕೆ ಅಧಿಕಾರವಿದೆ. ಆ ವ್ಯಾಪ್ತಿಯ ರೈತ ಬೆಲೆ ಚೆನ್ನಾಗಿದೆಯೆಂದು ಪಕ್ಕದ ಕಾರ್ಖಾನೆಗೆ ಗಾಡಿ ತಿರುಗಿಸುವಂತಿಲ್ಲ. ಒಂದು ಕಾರ್ಖಾನೆಯಿಂದ 15 ಕಿ.ಮೀ. ಒಳಗೆ ಇನ್ನೊಂದು ಬರುವಂತಿಲ್ಲ. ಆಲೆಮನೆ, ಖಂಡಸಾರಿ ಘಟಕಗಳ ಮೇಲೆ ಲೈಸೆನ್ಸಿನ ನಿರ್ಬಂಧ ಹೇರುವ ಅಧಿಕಾರವೂ ಅದೇ ಆದೇಶದಲ್ಲಿದೆ. ಕೊಳ್ಳುವವನು ಒಬ್ಬನೇ ಆದಾಗ ಮಾರುವವನ ಗತಿ ಏನೆಂದು ಯಾವ ರೈತನಿಗೂ ಬಿಡಿಸಿ ಹೇಳಬೇಕಿಲ್ಲ. ಕಟಾವಿನ ಆದೇಶಕ್ಕೆ ಕಾದು ಕಾದು ಕಬ್ಬಿಗೆ ಸೂಲಂಗಿ ಬರುತ್ತದೆ, ತೂಕ ಇಳಿಯುತ್ತದೆ, ನಷ್ಟವೆಲ್ಲ ಬೆಳೆದವನ ತಲೆಗೆ.

2012ರಲ್ಲಿ ರಂಗರಾಜನ್ ಸಮಿತಿ ಸಕ್ಕರೆ ಉದ್ಯಮದ ನಿಯಂತ್ರಣಗಳ ಬಗ್ಗೆ ವರದಿ ಕೊಟ್ಟಿತು. ಕಾರ್ಖಾನೆಗಳು ಸರ್ಕಾರಕ್ಕೆ ಕಡಿಮೆ ದರದಲ್ಲಿ ಕೊಡಬೇಕಿದ್ದ ಲೆವಿ ಸಕ್ಕರೆ ಹೋಗಬೇಕು, ಪ್ರದೇಶ ಮೀಸಲು ಮತ್ತು ದೂರದ ನಿಯಮ ಕ್ರಮೇಣ ತೊಲಗಬೇಕು ಎಂದಿತು. 2013ರಲ್ಲಿ ಲೆವಿ ಹೋಯಿತು. ಪ್ರದೇಶ ಮೀಸಲಿನ ತೀರ್ಮಾನವನ್ನು ರಾಜ್ಯಗಳಿಗೆ ಬಿಡಲಾಯಿತು. ಮಹಾರಾಷ್ಟ್ರದಲ್ಲಿ ಈ ಮೀಸಲು ಇಲ್ಲ. ನಮ್ಮಲ್ಲಿ ಮಾತ್ರ ಕಾರ್ಖಾನೆಯ ಹಗ್ಗ ಸಡಿಲವಾಯಿತು, ರೈತನದು ಹಾಗೇ ಉಳಿಯಿತು. 2018ರಲ್ಲಿ ಸಕ್ಕರೆಗೆ ಕನಿಷ್ಠ ಮಾರಾಟ ದರವೂ ಬಂತು. 2019ರಲ್ಲಿ ಅದು ಕಿಲೋಗೆ 31 ರೂಪಾಯಿ ಆಯಿತು. ಲಿಬರ್ಟೇರಿಯನ್ ಚಿಂತನೆಯ ಮೊದಲ ತಕರಾರು ಕಾರ್ಖಾನೆಗಳಿಗೆ ಸಿಗುವ ಇಂಥ ರಕ್ಷಣೆಯ ಮೇಲೆಯೇ.

ಒಂದು ಮಾತು ಒಪ್ಪಬೇಕು. ಕಬ್ಬು ಹೆಚ್ಚಾದ ವರ್ಷ 'ನಮ್ಮ ವ್ಯಾಪ್ತಿಯ ಕಬ್ಬು ನೀವೇ ಅರೆಯಬೇಕು' ಎಂದು ರೈತ ಕಾರ್ಖಾನೆಯನ್ನು ಕೇಳಲು ಈ ಮೀಸಲು ಆಸರೆಯಾಗಿದೆ. ಆದರೆ ಆ ಭದ್ರತೆ ಬೇಕಾದವರು ಮೊದಲೇ ಒಪ್ಪಂದ ಮಾಡಿಕೊಳ್ಳಬಹುದು. ಬೇಡದವರನ್ನೂ ಕಟ್ಟಿಹಾಕಬೇಕಿಲ್ಲ.

ತಪ್ಪು ಕಲ್ಪನೆ 3: ಸರ್ಕಾರ ಬೆಲೆ ಘೋಷಿಸಿದರೆ ಅಷ್ಟೂ ಹಣ ರೈತನ ಕೈಸೇರುತ್ತದೆ.

ಸತ್ಯ: 2025-26ರ ಹಂಗಾಮಿಗೆ ಕೇಂದ್ರ ಘೋಷಿಸಿದ ನ್ಯಾಯಯುತ ಮತ್ತು ಲಾಭದಾಯಕ ದರವಾದ ಎಫ್‌ಆರ್‌ಪಿ ಕ್ವಿಂಟಲ್‌ಗೆ 355 ರೂಪಾಯಿ, ಅಂದರೆ ಟನ್ನಿಗೆ 3,550. ಪತ್ರಿಕೆಯಲ್ಲಿ ದೊಡ್ಡದಾಗಿ ಬರುವುದು ಈ ಅಂಕಿ. ಆದರೆ ಅದು ಶೇ 10.25ರಷ್ಟು ಸಕ್ಕರೆ ಇಳುವರಿಗೆ ಕಟ್ಟಿದ ದರ. ಇಳುವರಿ ಶೇ 9.5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಟನ್ನಿಗೆ 3,290 ರೂಪಾಯಿ 50 ಪೈಸೆ. ನಮ್ಮ ಭಾಗದ ಇಳುವರಿ ಬೆಳಗಾವಿ ಕಡೆಗಿಂತ ಕಡಿಮೆ. ಮೇಲಾಗಿ ಈ ದರ ಕಾರ್ಖಾನೆ ಬಾಗಿಲಿಗೆ ತಂದುಹಾಕಿದ ಕಬ್ಬಿನದು. ಕಟಾವು ಕೂಲಿ, ಸಾಗಣೆ ಖರ್ಚು ಅದರಲ್ಲೇ ಕಳೆಯಬೇಕು.

ಇನ್ನು ಬಟವಾಡೆ. ಕಬ್ಬು ಹಾಕಿದ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಬೇಕು ಎಂದು 1966ರ ಆದೇಶದಲ್ಲೇ ಇದೆ. ಆದರೂ ಬಾಕಿಗಾಗಿ ರೈತರು ಧರಣಿ ಕೂರುವುದು ತಪ್ಪಿಲ್ಲ. ಬೇರೆ ಕಡೆ ಮಾರುವ ದಾರಿ ಇದ್ದಾಗ ಬಾಕಿ ಉಳಿಸಿಕೊಳ್ಳುವ ಧೈರ್ಯ ಕೊಳ್ಳುವವನಿಗೆ ಕಡಿಮೆ. ಕಾರ್ಖಾನೆ ಬೆಲೆ ಸರಿಬೀಳದಿದ್ದಾಗ ರೈತ ಆಲೆಮನೆಯತ್ತ ಮುಖ ಮಾಡುವುದು ಅದಕ್ಕೇ. ಗಾಣಕ್ಕೆ ಕಬ್ಬು ಕೊಟ್ಟು, ಸಿಪ್ಪೆ ಒಣಗಿಸಿ ಒಲೆಗೆ ಹಾಕಿ, ಕೊಪ್ಪರಿಗೆಯಲ್ಲಿ ಹಾಲು ಕಾಯಿಸಿ, ಪಾಕ ಬಂದ ಮೇಲೆ ಅಚ್ಚಿಗೆ ಹೊಯ್ದು ತೆಗೆದ ಬೆಲ್ಲಕ್ಕೆ ಎಫ್‌ಆರ್‌ಪಿ ಇಲ್ಲ. ಅದರ ದರ ಏರುತ್ತದೆ, ಕುಸಿಯುತ್ತದೆ. ಆದರೆ ಕಾರ್ಖಾನೆಗೋ ಆಲೆಮನೆಗೋ ಎಂದು ಆರಿಸುವ ಅವಕಾಶ ಇದ್ದಷ್ಟೂ ರೈತನ ಮಾತಿಗೆ ಬಲ.

ತಪ್ಪು ಕಲ್ಪನೆ 4: ಮಂಡ್ಯ ಕಟ್ಟಿದ್ದೇ ಸರ್ಕಾರ, ಹಾಗಾಗಿ ಈ ಚಿಂತನೆಗೆ ಇಲ್ಲಿ ಜಾಗವಿಲ್ಲ.

ಸತ್ಯ: ಮೊದಲ ಅರ್ಧ ನಿಜ, ಅದನ್ನು ಮುಚ್ಚಿಡಬಾರದು. ಕನ್ನಂಬಾಡಿ ಕಟ್ಟೆಯನ್ನೂ ನಾಲೆಯನ್ನೂ ಕಟ್ಟಿಸಿದ್ದು ಮೈಸೂರು ಸಂಸ್ಥಾನ. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ (ಮೈಷುಗರ್) ಹುಟ್ಟಿದ್ದು ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ, ಕೃಷಿ ಇಲಾಖೆಯ ನಿರ್ದೇಶಕ ಲೆಸ್ಲಿ ಕೋಲ್‌ಮನ್ನರ ಒತ್ತಾಸೆಯಿಂದ. ಬರೀ ಖಾಸಗಿ ಸಾಹಸದಿಂದ ಎಲ್ಲವೂ ಬೆಳೆಯಿತು ಎನ್ನುವ ಲಿಬರ್ಟೇರಿಯನ್ ಇದ್ದರೆ ಅವರೂ ತಪ್ಪು.

ಆದರೆ ಹುಟ್ಟುಹಾಕುವುದು ಬೇರೆ, ಎಂದೆಂದಿಗೂ ನಡೆಸುವುದು ಬೇರೆ. ಅದೇ ಮೈಷುಗರ್ ನಷ್ಟಕ್ಕೆ ಸಿಲುಕಿ ಹಲವು ಹಂಗಾಮು ನಿಂತು, 2022ರಲ್ಲಿ ಮತ್ತೆ ಅರೆಯಲು ಶುರುಮಾಡಿತು. ನಡುವೆ ಅದನ್ನು ಖಾಸಗಿಯವರಿಗೆ ಗುತ್ತಿಗೆ ಕೊಡುವ ಪ್ರಸ್ತಾವ ಬಂದಾಗ ಜಿಲ್ಲೆ ಸಿಡಿದೆದ್ದಿತು. ಸರ್ಕಾರದ್ದೋ ಖಾಸಗಿಯದ್ದೋ ಎಂಬ ಆ ಜಗಳದಲ್ಲಿ ಮುಖ್ಯ ಪ್ರಶ್ನೆ ಮರೆಯಾಯಿತು. ವ್ಯಾಪ್ತಿಯ ಬೇಲಿ ಹಾಗೇ ಇದ್ದರೆ ಮಾಲೀಕ ಬದಲಾದರೂ ರೈತನ ಪಾಲಿಗೆ ಅದು ಏಕಸ್ವಾಮ್ಯವೇ.

ತಪ್ಪು ಕಲ್ಪನೆ 5: ಸ್ವಾತಂತ್ರ್ಯ ಎಂದರೆ ಕಾನೂನೇ ಬೇಡ ಎನ್ನುವುದು.

ಸತ್ಯ: ಬೆಲ್ಲಕ್ಕೆ ಸಕ್ಕರೆ ಬೆರೆಸುವುದು, ಬಣ್ಣ ಬರಲೆಂದು ಮಿತಿಮೀರಿ ರಾಸಾಯನಿಕ ಸುರಿಯುವುದು, ತೂಕದಲ್ಲಿ ಹೊಡೆಯುವುದು ಸ್ವಾತಂತ್ರ್ಯವಲ್ಲ, ಮೋಸ. ಮೋಸ ತಡೆಯಲು, ಒಪ್ಪಂದ ಮುರಿದವರಿಂದ ಹಣ ವಸೂಲು ಮಾಡಿಸಲು ಗಟ್ಟಿ ಕಾನೂನು, ಚುರುಕು ನ್ಯಾಯಾಲಯ ಬೇಕೇ ಬೇಕು ಎಂಬುದು ಈ ಚಿಂತನೆಯ ಬುನಾದಿ.

ತಪ್ಪು ಕಲ್ಪನೆ 6: ರಾಜಕೀಯ ಸ್ವಾತಂತ್ರ್ಯ ದೊಡ್ಡದು, ವ್ಯಾಪಾರದ ಸ್ವಾತಂತ್ರ್ಯ ಬರೀ ದುಡ್ಡಿನ ವಿಷಯ.

ಸತ್ಯ: 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಸೇರಿದ ಜನ ನಿಷೇಧ ಮೀರಿ ಬಾವುಟ ಹಾರಿಸಿ ಬಂಧನಕ್ಕೆ ಒಳಗಾದರು. ಅಪ್ಪಣೆ ಕೇಳದೆ ಬದುಕುವ ಹಕ್ಕು ಅಂದು ಬಾವುಟದ ರೂಪದಲ್ಲಿತ್ತು. 2001ರಲ್ಲಿ ಪಕ್ಕದ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಅದು ನೀರಾ ರೂಪದಲ್ಲಿತ್ತು. ತಮ್ಮ ತೆಂಗಿನ ಮರದಿಂದ ನೀರಾ ಇಳಿಸುವ ಹಕ್ಕು ಕೇಳಿದ ಚಳವಳಿಯಲ್ಲಿ ಪೊಲೀಸರ ಗುಂಡಿಗೆ ಇಬ್ಬರು ರೈತರು ಬಲಿಯಾದರು. ಹುಳಿಯಾದರೆ ಅದು ಹೆಂಡವಾಗುತ್ತದೆ ಎಂಬ ಕಾರಣಕ್ಕೆ ಅಬಕಾರಿ ಕಾನೂನು ನೀರಾವನ್ನು ಹಿಡಿದಿಟ್ಟಿತ್ತು. ಸ್ವಂತ ಮರದ ರಸ ಇಳಿಸಲು ಲೈಸೆನ್ಸ್ ಕೇಳಬೇಕಾದವನ ಸ್ವಾತಂತ್ರ್ಯ ಇನ್ನೂ ಅರ್ಧವೇ.

ಈ ಚಿಂತನೆಯ ಎಲ್ಲ ಮಾತನ್ನೂ ಒಪ್ಪಬೇಕಿಲ್ಲ. ಆದರೆ ರೈತನ ಹೆಸರಿನಲ್ಲಿ ಬರುವ ಪ್ರತಿ ಆದೇಶ ಯಾರ ಕೈ ಕಟ್ಟುತ್ತದೆ, ಯಾರ ಕೈ ಬಿಡಿಸುತ್ತದೆ ಎಂದು ನೋಡುವುದನ್ನು ಅದರಿಂದ ಕಲಿಯಬಹುದು. ಕಬ್ಬು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಓದಿ. 14 ದಿನ ಮೀರಿದರೆ ಬಡ್ಡಿ ಬರಹದಲ್ಲಿ ಕೇಳಿ. ಮತ ಕೇಳಲು ಬರುವವರನ್ನು ಬೆಂಬಲ ಬೆಲೆ ಎಷ್ಟು ಎಂಬುದರ ಜೊತೆಗೆ, ನನ್ನ ಕಬ್ಬನ್ನು ನನಗೆ ಬೇಕಾದವರಿಗೆ ಮಾರಲು ಯಾವಾಗ ಬಿಡುತ್ತೀರಿ ಎಂದೂ ಕೇಳಿ.