ಹಬೆಯ ಕೋಣೆಗೆ ಎರಡು ಕಿಂಡಿ, ಒಂದು ಹಿಡಿಕೆ

ಮನೆ ಕಟ್ಟಿಸುವವರು ಹೆಬ್ಬಾಗಿಲಿನ ವಿಷಯದಲ್ಲಿ ತೋರುವ ಆಸ್ಥೆಯ ಹತ್ತರಲ್ಲಿ ಒಂದು ಪಾಲನ್ನೂ ಬಚ್ಚಲುಮನೆಯ ಬಾಗಿಲಿನ ವಿಷಯದಲ್ಲಿ ತೋರುವುದಿಲ್ಲ. ಹೆಬ್ಬಾಗಿಲಿಗೆ ಸಾಗುವಾನಿಯೇ ಆಗಬೇಕು. ಅದರ ಮೇಲೆ ಬಳ್ಳಿಯ ಕೆತ್ತನೆ ಇರಬೇಕು. ಮನಸ್ಸಿಗೊಪ್ಪುವ ಹಿತ್ತಾಳೆಯ ಹಿಡಿಕೆಗಾಗಿ ಊರೂರು ಅಲೆದರೂ ಬೇಸರವಿಲ್ಲ. ಬಚ್ಚಲಿನ ಸರದಿ ಬರುವ ಹೊತ್ತಿಗೆ ಕೈಯಲ್ಲಿದ್ದ ಹಣವೂ ಮನಸ್ಸಿನಲ್ಲಿದ್ದ ಉತ್ಸಾಹವೂ ಒಟ್ಟಿಗೆ ತೀರಿರುತ್ತವೆ. "ನಿಮಗೆ ತಿಳಿದ ಹಾಗೆ ಮಾಡಿರಪ್ಪಾ" ಎಂದು ಗೌಂಡಿಗೂ ಬಡಿಗನಿಗೂ ಒಪ್ಪಿಸಿ ಯಜಮಾನರು ಗೃಹಪ್ರವೇಶದ ಆಮಂತ್ರಣ ಪತ್ರಿಕೆ ಬರೆಯಲು ಕುಳಿತುಬಿಡುತ್ತಾರೆ.

ಆದರೆ ಮನೆಯೊಳಗೆ ಬೆಂಕಿ, ನೀರು, ಹಬೆ, ಮನುಷ್ಯ ಈ ನಾಲ್ಕೂ ಕದವಿಕ್ಕಿಕೊಂಡು ಒಂದೆಡೆ ಸೇರುವ ಸ್ಥಳ ಬಚ್ಚಲೊಂದೇ. ಚಳಿಗಾಲದಲ್ಲಿ ಸ್ನಾನಕ್ಕೆಂದು ಒಳಗೆ ಹೋದವರು ಹೊರಗೆ ಬಾರದ ದಾರುಣ ಸುದ್ದಿಗಳನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಅಂಥ ಅನೇಕ ಪ್ರಸಂಗಗಳಲ್ಲಿ ಮನುಷ್ಯನಿಗೂ ಬದುಕಿಗೂ ನಡುವೆ ನಿಂತದ್ದು ಗಾಳಿಯಾಡದ ಒಂದು ಗೋಡೆ, ತೆರೆಯದ ಒಂದು ಬಾಗಿಲು. ಆದಕಾರಣ ಗೋಡೆಯ ಕಿಂಡಿ ಹಾಗೂ ಬಾಗಿಲಿನ ಹಿಡಿಕೆ ಎಂಬ ಎರಡು ಅಲ್ಪ ವಸ್ತುಗಳ ವಿಚಾರವಾಗಿ ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಬಿಸಿಲು ನಾಡಿನ ಮನೆಗಳು

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳನ್ನೇ ನಿದರ್ಶನಕ್ಕೆ ತೆಗೆದುಕೊಳ್ಳೋಣ. ಆಳಂದದ ಕಡೆಯ ಅಮರ್ಜಾ ನದಿ ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಭೀಮೆ ಮುಂದೆ ಜೇವರ್ಗಿಯ ಸೀಮೆಗೆ ಹರಿಯುತ್ತಾಳೆ. ಕಪ್ಪು ಎರೆಮಣ್ಣು, ತೊಗರಿ, ಜೋಳ, 40 ಡಿಗ್ರಿ ಸೆಲ್ಸಿಯಸ್ಸನ್ನು ದಾಟುವ ಬೇಸಗೆ ಇವು ಮೂರೂ ತಾಲ್ಲೂಕುಗಳಿಗೆ ಸಮಾನ.

ಇಂಥ ಸೀಮೆಯಲ್ಲಿ ಹಿರಿಯರು ಕಟ್ಟಿದ್ದು ಮಾಳಿಗೆಯ ಮನೆಗಳನ್ನು. ಎರಡು ಮೂರು ಅಡಿ ದಪ್ಪದ ಕಲ್ಲು ಮಣ್ಣಿನ ಗೋಡೆ. ತೊಲೆ ಜಂತೆಗಳ ಮೇಲೆ ಮಣ್ಣಿನ ಹೊದಿಕೆ. ಹೊರಗೋಡೆಗೆ ಕಿಟಕಿಗಳು ವಿರಳ. ಬಿಸಿಲಿನ ಝಳ ಒಳಗೆ ಬಾರದಂತೆ ಮಾಡಿದ ಏರ್ಪಾಡು ಇದು. ಹಾಗಾದರೆ ಒಳಗಿನವರು ಉಸಿರಾಡುತ್ತಿದ್ದುದು ಹೇಗೆ? ಮಾಳಿಗೆಯ ನೆತ್ತಿಯಲ್ಲಿ ಒಂದು ಬೆಳಕಿಂಡಿ ಇರುತ್ತಿತ್ತು. ಬಾಗಿಲ ಹಲಗೆಗಳ ಸಂದಿನಿಂದ ತಂಗಾಳಿ ಒಳಗೆ ಬಂದು, ಬಿಸಿಗಾಳಿಯೂ ಹೊಗೆಯೂ ಬೆಳಕಿಂಡಿಯಿಂದ ಮೇಲಕ್ಕೆ ಹೋಗುತ್ತಿದ್ದವು. ಬಚ್ಚಲಿನಲ್ಲಿ ತೊಗರಿ ಕಟ್ಟಿಗೆಯಿಂದ ಹಂಡೆಯ ನೀರು ಕಾಯುತ್ತಿತ್ತು. ಅನೇಕ ಮನೆಗಳಲ್ಲಿ ಹಂಡೆಯೊಲೆಯ ಬಾಯಿ ಗೋಡೆಯ ಆಚೆಗೆ, ಹಿತ್ತಲಿಗೆ ತೆರೆದಿರುತ್ತಿತ್ತು. ಉರಿ ಹೊರಗೆ, ಬಿಸಿನೀರು ಒಳಗೆ.

ಇಂದು ಅದೇ ಊರುಗಳಲ್ಲಿ ಕಾಂಕ್ರೀಟಿನ ಚಾವಣಿ ಬಂದಿದೆ. ಗೋಡೆಗೆ ನುಣುಪಾದ ಟೈಲ್ಸ್, ಬಾಗಿಲಿಗೆ ಸಂದಿಲ್ಲದ ಪ್ಲಾಸ್ಟಿಕ್ ಕದ, ಮೂಲೆಯಲ್ಲಿ ಗ್ಯಾಸ್ ಗೀಸರ್. ಹಿಂದೆ ಕೊರತೆಯೆಂದು ತೋರುತ್ತಿದ್ದ ಸಂದುಗೊಂದುಗಳೆಲ್ಲ ಮುಚ್ಚಿಹೋದವು. ಅವು ಮಾಡುತ್ತಿದ್ದ ಕೆಲಸವನ್ನು ಬೇರಾರಿಗೂ ವಹಿಸಲು ನಾವು ಮರೆತೆವು.

ಚರಕನ ಸ್ವೇದಗೃಹ

ಬಿಸಿಕೋಣೆಯಲ್ಲಿ ಕುಳಿತು ಬೆವರುವ ಪದ್ಧತಿ ಹೊರನಾಡಿನ ವಿಲಾಸವೆಂದು ಭಾವಿಸುವವರುಂಟು. ಚರಕಸಂಹಿತೆಯ ಸೂತ್ರಸ್ಥಾನದ 14ನೆಯ ಅಧ್ಯಾಯವು 13 ಬಗೆಯ ಸ್ವೇದಗಳನ್ನು ಹೇಳುತ್ತದೆ. ಅವುಗಳಲ್ಲಿ ಜೇಂತಾಕವೆಂಬುದು ಒಂದು ಪೂರ್ಣ ಸ್ವೇದಗೃಹ. ಗುಂಡಾದ ಕಟ್ಟಡ, ಎತ್ತರವೂ ಅಗಲವೂ ಸುಮಾರು 16 ಮೊಳ, ಮಣ್ಣಿನ ಲೇಪ, ಗೋಡೆಯುದ್ದಕ್ಕೂ ಕುಳಿತುಕೊಳ್ಳಲು ಒಂದು ಜಗಲಿ, ನಡುವೆ ರಂಧ್ರಗಳುಳ್ಳ ಮಣ್ಣಿನ ಒಲೆ. ಗಮನಿಸಬೇಕಾದ ಮಾತೆಂದರೆ, ಆ ಗೃಹಕ್ಕೆ ಅನೇಕ ವಾತಾಯನಗಳಿರಬೇಕೆಂದು ಗ್ರಂಥ ವಿಧಿಸುತ್ತದೆ. ಶಾಖಕ್ಕೆಂದೇ ಕಟ್ಟಿದ ಕೋಣೆಗೆ ಗಾಳಿಯ ಕಿಂಡಿ ಒಂದಲ್ಲ, ಹಲವು!

ಬಾಗಿಲಿನ ವಿಚಾರವನ್ನೂ ಚರಕ ಬಿಟ್ಟಿಲ್ಲ. ಬೆವರಿ ಮೂರ್ಛೆ ಬರುವಂತಾದರೂ ಜಗಲಿಯ ಆಸರೆಯನ್ನು ಬಿಡಬಾರದೆಂದು ರೋಗಿಗೆ ಮೊದಲೇ ಎಚ್ಚರಿಸಬೇಕಂತೆ. ಅದನ್ನು ಬಿಟ್ಟವನು ಬಾಗಿಲನ್ನು ಕಾಣದೆ ಅಲ್ಲಿಯೇ ಪ್ರಾಣ ಬಿಡಬಹುದು; ಜಗಲಿಯನ್ನೇ ಅನುಸರಿಸಿ ಬಂದವನು ಬಾಗಿಲನ್ನು ಸೇರುತ್ತಾನೆ. ತಲೆ ಸುತ್ತುವ ಮನುಷ್ಯನಿಗೆ ನಾಲ್ಕು ಹೆಜ್ಜೆಯ ದೂರವೂ ನಾಲ್ಕು ಗಾವುದವೆಂಬುದನ್ನು ಆ ವೈದ್ಯರು ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಅರಿತಿದ್ದರು.

ಕಾಲದಲ್ಲಿ ಇನ್ನಷ್ಟು ಈಚೆಗೆ, ಜೇವರ್ಗಿಯ ನೆರೆಗೇ ಬರೋಣ. ಕಲಬುರಗಿಯ ದಕ್ಷಿಣಕ್ಕೆ, ಭೀಮೆಯ ದಂಡೆಯ ಮೇಲೆ ಫಿರೋಜಾಬಾದ್ ಎಂಬ ಹಾಳೂರು ಇದೆ. 1397ರಿಂದ 1422ರವರೆಗೆ ಆಳಿದ ಬಹಮನಿ ಸುಲ್ತಾನ ಫಿರೋಜ್ ಷಾ, 1400ರ ಸುಮಾರಿಗೆ ಕಟ್ಟಿಸಿದ ನಗರ ಅದು. ಕೋಟೆ, ಮಸೀದಿಗಳ ಅವಶೇಷಗಳ ಜೊತೆಗೆ ಅಲ್ಲಿ ಹಮಾಮು, ಎಂದರೆ ಸ್ನಾನಗೃಹಗಳ ಅವಶೇಷಗಳೂ ಉಳಿದಿವೆ. ಹಮಾಮಿನ ಸಂಪ್ರದಾಯದಲ್ಲಿ ಎರಡು ನಿಯಮಗಳನ್ನು ಕಾಣುತ್ತೇವೆ. ಬೆಂಕಿಯ ಗೂಡು ಬೇರೆ, ಮೀಯುವ ಕೋಣೆ ಬೇರೆ. ಬೆಳಕೂ ಹಬೆಯೂ ಹಾಯುವ ಹಾದಿ ಗುಮ್ಮಟದ ನೆತ್ತಿಯ ರಂಧ್ರಗಳಲ್ಲಿ. ಸುಲ್ತಾನನ ಹಮಾಮಿಗೂ ರೈತನ ಹಿತ್ತಲ ಹಂಡೆಯೊಲೆಗೂ ಶಾಸ್ತ್ರ ಒಂದೇ ಆಗಿದೆ.

ಗಾಳಿಯ ಲೆಕ್ಕ

ಗ್ಯಾಸ್ ಗೀಸರಿನ ವಿಷಯದಲ್ಲಿ ಒಂದು ಸಣ್ಣ ಲೆಕ್ಕ ಹಾಕಿ ನೋಡಬಹುದು. ಐದು ಅಡಿ ಅಗಲ, ಆರು ಅಡಿ ಉದ್ದ, ಎಂಟು ಅಡಿ ಎತ್ತರದ ಬಚ್ಚಲಿನಲ್ಲಿ 240 ಘನ ಅಡಿ ಗಾಳಿ ಹಿಡಿಯುತ್ತದೆ. ಒಂದು ಕಿಲೋಗ್ರಾಂ ಅಡುಗೆ ಅನಿಲ ಪೂರ್ಣವಾಗಿ ಉರಿಯಲು 400 ಘನ ಅಡಿಗೂ ಹೆಚ್ಚು ಗಾಳಿ ಬೇಕು. ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಗೀಸರ್ ಪೂರ್ಣ ಉರಿಯಲ್ಲಿ ಅರ್ಧ ಗಂಟೆಗೆ ಸುಮಾರು ಅರ್ಧ ಕಿಲೋ ಅನಿಲವನ್ನು ಸುಡುತ್ತದೆ. ಎಂದರೆ ಕಿಂಡಿಯಿಲ್ಲದ ಕೋಣೆಯಲ್ಲಿ ಒಬ್ಬರ ಹಿಂದೆ ಒಬ್ಬರು ಸ್ನಾನ ಮಾಡಿದರೆ ಅರ್ಧ ಗಂಟೆಯ ಉರಿಗೆ ಕೋಣೆಯ ಗಾಳಿಯೆಲ್ಲ ಬೇಕಾಗುತ್ತದೆ.

ಗಾಳಿ ಪೂರ್ತಿ ತೀರುವ ತನಕ ಅಪಾಯ ಕಾಯುವುದೂ ಇಲ್ಲ. ಆಮ್ಲಜನಕ ಕಡಿಮೆಯಾಗುತ್ತ ಬಂದಂತೆ ಉರಿ ಅರೆಬರೆಯಾಗಿ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಅಧಿಕ ಒಲವಿನಿಂದ ಈ ವಿಷವನ್ನು ಅಪ್ಪಿಕೊಳ್ಳುತ್ತದೆ. ಮೊದಲು ತಲೆನೋವು, ಬಳಿಕ ತಲೆಸುತ್ತು, ವಾಕರಿಕೆ, ಕೈಕಾಲು ಸೋಲುವುದು. ಆಮೇಲೆ ಎಚ್ಚರ ತಪ್ಪುವುದು. ಚಿಲಕ ತೆಗೆಯಬೇಕೆಂದು ಬುದ್ಧಿಗೆ ಹೊಳೆಯುವಷ್ಟರಲ್ಲಿ ಕೈ ಮಾತು ಕೇಳದಂತಾಗಿರುತ್ತದೆ.

ಆದುದರಿಂದ ಮೊದಲ ನಿಯಮ ಹಮಾಮಿನದೇ: ಗ್ಯಾಸ್ ಗೀಸರ್ ಬಚ್ಚಲಿನ ಹೊರಗೆ, ತೆರೆದ ಗಾಳಿಯಲ್ಲಿ ಇರಲಿ, ಕೊಳವೆಯ ಮೂಲಕ ಬಿಸಿನೀರು ಮಾತ್ರ ಒಳಗೆ ಬರಲಿ.

ಕಿಂಡಿಯ ಆಯ್ಕೆ

ಶಾಖದ ಕೋಣೆಗೆ ಕಿಂಡಿ ಹೇಗಿರಬೇಕೆಂಬುದನ್ನು ಫಿನ್ಲೆಂಡಿನ ಜನ ಚೆನ್ನಾಗಿ ಬಲ್ಲರು. ಸುಮಾರು 55 ಲಕ್ಷ ಜನರಿರುವ ಆ ದೇಶದಲ್ಲಿ 'ಸೌನಾ' ಎಂಬ ಬೆವರುಕೋಣೆಗಳ ಸಂಖ್ಯೆ 30 ಲಕ್ಷದಷ್ಟಿದೆ ಎನ್ನುತ್ತಾರೆ. ಆ ಸಂಸ್ಕೃತಿಯನ್ನು ಯುನೆಸ್ಕೊ 2020ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. 70ರಿಂದ 100 ಡಿಗ್ರಿಯವರೆಗೆ ಕಾಯುವ ಆ ಕೋಣೆಗೂ ಗಾಳಿ ಒಳಗೆ ಬರಲು ಒಂದು ಕಿಂಡಿ, ಹೊರಗೆ ಹೋಗಲು ಇನ್ನೊಂದು ತಪ್ಪದೆ ಇರುತ್ತವೆ. ಒಳಗೆ ಬರುವ ಕಿಂಡಿ ಒಲೆಯ ಹತ್ತಿರ ಇರುತ್ತದೆ. ಬಂದ ಗಾಳಿ ಮೊದಲು ಒಲೆಯನ್ನು ಸವರಿ ಬೆಚ್ಚಗಾಗಿ, ಬಳಿಕ ಕುಳಿತವರ ಬಳಿಗೆ ಬರುತ್ತದೆ. ಮೈಗೆ ಚಳಿ ತಾಗುವುದಿಲ್ಲ.

ನಮ್ಮ ಬಚ್ಚಲಿಗೂ ಈ ಕ್ರಮ ಒಪ್ಪುತ್ತದೆ. ಒಂದು ಕಿಂಡಿ ನೆಲದಿಂದ ಅರ್ಧ ಅಡಿ ಎತ್ತರದಲ್ಲಿ, ಇನ್ನೊಂದು ಎದುರು ಗೋಡೆಯಲ್ಲಿ ಚಾವಣಿಗೆ ಸಮೀಪವಾಗಿ ಇರಲಿ. ಬಿಸಿಗಾಳಿ ಮೇಲಿನಿಂದ ಹೊರಗೆ ಹೋದಂತೆ ಕೆಳಗಿನಿಂದ ಹೊಸ ಗಾಳಿ ತಾನಾಗಿ ಬರುತ್ತದೆ. ಅಡುಗೆ ಅನಿಲ ಗಾಳಿಗಿಂತ ಭಾರವಾದುದರಿಂದ ಸೋರಿಕೆಯಾದರೆ ಹೊರಹೋಗಲು ಕೆಳಗಿನ ಕಿಂಡಿಯೂ ಅಗತ್ಯ. ಮೇಲೊಂದೇ ಕಿಂಡಿಯಿಟ್ಟು ವಿದ್ಯುತ್ ಪಂಖ ಕೂಡಿಸಿದರೆ ಸಾಲದು. ಗಾಳಿ ಬರಲು ದಾರಿಯಿಲ್ಲದ ಕಡೆ ಪಂಖ ತಿರುಗಿದರೂ ಎಳೆಯುವುದಕ್ಕೆ ಏನೂ ಇರುವುದಿಲ್ಲ.

ಕೊಳ್ಳುವಾಗ ತೆರೆದು ಮುಚ್ಚುವ ಗಾಜಿನ ಪಟ್ಟಿಗಳಿಗಿಂತ ಮುಚ್ಚಲು ಬಾರದ ಜಾಲಂಧ್ರವೇ ಲೇಸು. ಪುಷ್ಯಮಾಸದ ಚಳಿಯಲ್ಲಿ ಮುಚ್ಚಿದ ಗಾಜನ್ನು ವೈಶಾಖದವರೆಗೂ ಯಾರೂ ತೆರೆಯುವುದಿಲ್ಲ. ಕಾಂಕ್ರೀಟಿನ ಜಾಲಂಧ್ರವಾದೀತು; ನೆರೆಯಲ್ಲೇ ದೊರೆಯುವ ಶಹಾಬಾದಿನ ಫರಸಿ ಕಲ್ಲನ್ನು ಇಳಿಜಾರಾಗಿ ಪಟ್ಟಿಪಟ್ಟಿಯಾಗಿ ಕೂಡಿಸಿದರೂ ಆದೀತು. ಇಳಿಜಾರು ಹೊರಮುಖವಾಗಿದ್ದರೆ ಮಳೆಯ ನೀರು ಒಳಗೆ ಬಾರದು, ನೋಟವೂ ಒಳಹೊಗದು. ಸೊಳ್ಳೆಗೆಂದು ಹಾಕಿದ ಬಲೆ ಎರೆಹೊಲದ ಧೂಳಿನಿಂದ ಬಲುಬೇಗ ಕಟ್ಟಿಕೊಳ್ಳುತ್ತದೆ. ಕಳಚಿ ತೊಳೆಯಲು ಬರುವ ಬಲೆಯನ್ನೇ ಹಾಕಿಸಿ, ತಿಂಗಳಿಗೊಮ್ಮೆ ತೊಳೆಯಬೇಕು.

ಬಾಗಿಲು, ಚಿಲಕ, ಹಿಡಿಕೆ

ಬಚ್ಚಲಿನ ಬಾಗಿಲು ಹೊರಕ್ಕೆ ತೆರೆಯಬೇಕು. ಒಳಗೆ ಕುಸಿದು ಬಿದ್ದವರ ಮೈಯೇ ಒಳತೆರೆಯುವ ಬಾಗಿಲಿಗೆ ಅಡ್ಡವಾಗುತ್ತದೆ. ಹೊರಗಿನಿಂದ ಎಷ್ಟು ತಳ್ಳಿದರೂ ಬರುವುದಿಲ್ಲ. ಸೌನಾದ ಬಾಗಿಲೂ ಹೊರಕ್ಕೇ ತೆರೆಯುತ್ತದೆ. ಅದಕ್ಕೆ ಚಿಲಕವೇ ಇರುವುದಿಲ್ಲ. ಒಳಗಿನಿಂದ ಭುಜ ತಾಗಿಸಿದರೂ ಸಾಕು.

ನಮ್ಮ ಮರ್ಯಾದೆಗೆ ಚಿಲಕವಿಲ್ಲದ ಬಚ್ಚಲು ಒಗ್ಗದು ನಿಜ. ಆದರೆ ಹಳೆಯ ಅಗುಳಿಯಂಥ ಭಾರವಾದ ಅಡ್ಡಪಟ್ಟಿಯಾಗಲಿ, ಜಗ್ಗಿದರೂ ಜಗ್ಗದ ಕಬ್ಬಿಣದ ಚಿಲಕವಾಗಲಿ ಬೇಡ. ಒಳಗಿನಿಂದ ಒಂದೇ ಬೆರಳಿಗೆ ತೆರೆಯುವಂಥ, ಆಪತ್ತಿನಲ್ಲಿ ಹೊರಗಿನಿಂದ ನಾಣ್ಯವನ್ನು ಸೀಳಿನಲ್ಲಿಟ್ಟು ತಿರುಗಿಸಬಹುದಾದಂಥ ಚಿಲಕಗಳು ಅಂಗಡಿಗಳಲ್ಲಿ ದೊರೆಯುತ್ತವೆ. ಮನೆಯಲ್ಲಿ ಮಕ್ಕಳೂ ವೃದ್ಧರೂ ಇದ್ದರೆ ಬೇರೆಯದನ್ನು ನೋಡುವುದೇ ಬೇಡ.

ಇನ್ನು ಹಿಡಿಕೆ. ಗುಂಡುಗುಂಡಾದ ಹಿಡಿಕೆ ಅಂಗಡಿಯಲ್ಲಿ ಅಂದವಾಗಿ ಕಾಣುತ್ತದೆ. ಸೀಗೆಯೋ ಸಾಬೂನೋ ಎಣ್ಣೆಯೋ ಮೆತ್ತಿದ ಕೈಗೆ ಜಾರುತ್ತದೆ. ಇಡೀ ಅಂಗೈ ತೂರುವ ಕಮಾನಿನಂಥ ಹಿಡಿಕೆ, ಅಥವಾ ಮೊಣಕೈಯಿಂದಲೂ ಒತ್ತಬಹುದಾದ ಉದ್ದನೆಯ ಹಿಡಿಕೆ ಉತ್ತಮ. ಹಿತ್ತಾಳೆ ಮರಕ್ಕಿಂತ ನೂರಾರು ಪಟ್ಟು ವೇಗವಾಗಿ ಶಾಖವನ್ನು ಹರಿಸುತ್ತದೆ. ಸೌನಾದಂಥ ಕೋಣೆ ಕಟ್ಟಿಸುವವರಂತೂ ಒಳಮೈಯ ಹಿಡಿಕೆಯನ್ನು ಮರದಿಂದಲೇ ಮಾಡಿಸಬೇಕು. ಲೋಹವಾದರೆ ಸರಿಯಾಗಿ ಬೇಕಾದ ಗಳಿಗೆಯಲ್ಲೇ ಕೈ ಸುಟ್ಟು ಹಿಂದಕ್ಕೆ ಸರಿಯುತ್ತದೆ. ಹಬೆಗೆ ಮರದ ಕದ ಉಬ್ಬುವುದರಿಂದ ಕದಕ್ಕೂ ಚೌಕಟ್ಟಿಗೂ ನಡುವೆ ತುಸು ಸಡಿಲ ಬಿಡುವಂತೆ ಬಡಿಗನಿಗೆ ಹೇಳಬೇಕು.

ಬಾಣಂತಿಯ ಕೋಣೆ

ಕೊನೆಯದಾಗಿ, ಗೃಹಿಣಿಯರು ಮುಖ್ಯವಾಗಿ ಗಮನಿಸಬೇಕಾದ ಮಾತು. ಬಾಣಂತಿಗೆ ಎಣ್ಣೆ ತಿಕ್ಕಿ, ಬಿಸಿನೀರೆರೆದು, ಕಿವಿಗೆ ಬಟ್ಟೆ ಕಟ್ಟಿ, ಮಂಚದಡಿಯಲ್ಲಿ ಕೆಂಡವಿಟ್ಟು ಕಾಯಿಸುವುದು ನಮ್ಮಲ್ಲಿ ಹಳೆಯ ವಾಡಿಕೆ. "ಗಾಳಿ ತಾಗೀತು" ಎಂದು ಕದವನ್ನೂ ಕಿಟಕಿಯನ್ನೂ ಭದ್ರಪಡಿಸಿ, ಸಂದಿಗೆ ಹಳೆಯ ಸೀರೆ ತುರುಕುವ ಅಜ್ಜಿಯರ ಪ್ರೀತಿಯನ್ನು ಯಾರೂ ಶಂಕಿಸಲಾರರು. ಮಾಳಿಗೆಯ ಮನೆಯಲ್ಲಿ ಆಗ ನೆತ್ತಿಯ ಬೆಳಕಿಂಡಿಯಾದರೂ ಕಾಯುತ್ತಿತ್ತು. ಕಾಂಕ್ರೀಟಿನ ಕೋಣೆಗೆ ಅದೂ ಇಲ್ಲ. ಹೊಗೆಯಾಡದ ಕೆಂಡವನ್ನು ಕಂಡು ಕೆಡುಕಿಲ್ಲವೆಂದು ನಂಬಬಾರದು. ಕಾರ್ಬನ್ ಮೊನಾಕ್ಸೈಡನ್ನು ಧಾರಾಳವಾಗಿ ಬಿಡುವುದು ಅಂಥ ನಿಗಿನಿಗಿ ಕೆಂಡವೇ. ತಾಯಿಗೆ ಬರುವ ಮಂಪರನ್ನು ಹೆರಿಗೆಯ ಆಯಾಸವೆಂದು ಎಣಿಸುತ್ತೇವೆ. ಕೂಸಿಗಂತೂ ತಲೆನೋವೆಂದು ಹೇಳಲು ಬಾಯಿಲ್ಲ.

ಮುಚ್ಚಿದ ಕೋಣೆಯೊಳಗೆ ಕೆಂಡ ಬೇಡ. ಬಿಸಿನೀರಿನ ರಬ್ಬರ್ ಚೀಲ, ಕಾಯಿಸಿದ ಬಟ್ಟೆ, ಬೆಚ್ಚನೆಯ ಹೊದಿಕೆಗಳಿಂದ ಅದೇ ಹಿತ ದೊರೆಯುತ್ತದೆ. ಮಂಚಕ್ಕೆ ನೇರವಾಗಿ ಬೀಸದಂತೆ ಮೂಲೆಯಲ್ಲೊಂದು ಕಿಂಡಿ ಸದಾ ತೆರೆದಿರಲಿ. ಇಂಥ ಕೋಣೆಯಲ್ಲಾಗಲಿ ಬಚ್ಚಲಿನಲ್ಲಾಗಲಿ ಯಾರಿಗಾದರೂ ತಲೆನೋವು, ತಲೆಸುತ್ತು ಬಂದರೆ ಮೊದಲು ಅವರನ್ನು ಬಯಲಿನ ಗಾಳಿಗೆ ತರಬೇಕು. ಗ್ಯಾಸನ್ನು ಬಂದು ಮಾಡಬೇಕು. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಬೇಕು.

ಮನೆ ಕಟ್ಟಿಸಿ ಮುಗಿದವರು ನಿರಾಶರಾಗಬೇಕಿಲ್ಲ. ಗೋಡೆಯಲ್ಲಿ ಎರಡು ಕಿಂಡಿ ಕೊರೆಸುವುದು, ಬಿಜಾಗರಿ ಬದಲಿಸಿ ಬಾಗಿಲನ್ನು ಹೊರಕ್ಕೆ ತಿರುಗಿಸುವುದು ಗೌಂಡಿ, ಬಡಿಗರಿಗೆ ಒಂದೆರಡು ದಿನದ ಕೆಲಸ. ಕಿಂಡಿ ಸರಿಯಾಗಿದೆಯೇ ಎಂದು ತಿಳಿಯಲು ಯಂತ್ರವೂ ಬೇಡ. ಗೀಸರ್ ಆರಿಸಿ, ಗ್ಯಾಸಿನ ವಾಸನೆಯಿಲ್ಲವೆಂದು ಖಚಿತಪಡಿಸಿಕೊಂಡು, ಬಿಸಿನೀರು ತುಂಬಿದ ಬಕೀಟನ್ನು ಒಳಗಿಟ್ಟು ಕದ ಮುಚ್ಚಿರಿ. ಸ್ವಲ್ಪ ಹೊತ್ತಿನ ಬಳಿಕ ಹಚ್ಚಿದ ಊದುಬತ್ತಿಯೊಂದನ್ನು ಕೆಳಗಿನ ಕಿಂಡಿಯ ಬಳಿ ಹಿಡಿಯಿರಿ. ಹೊಗೆ ಒಳಕ್ಕೆ ಬಾಗಬೇಕು. ಮೇಲಿನ ಕಿಂಡಿಯ ಬಳಿ ಹಿಡಿಯಿರಿ; ಹೊರಕ್ಕೆ ಹೋಗಬೇಕು. ಎರಡೂ ಕಡೆ ಹೊಗೆ ನಿಂತಲ್ಲೇ ನಿಂತರೆ, ಮುಂದಿನ ಸ್ನಾನಕ್ಕೆ ಮೊದಲು ಗೌಂಡಿಗೆ ಹೇಳಿ ಕಳುಹಿಸಿರಿ.